ದೇವರ ಮನೆಯ ಮೇಲಿನ ಹಲಗೆ ನೆಲ

ಮೆಟ್ಟಿಲು ಹತ್ತುವಾಗಲೇ ವಾಸನೆ ಮೂಗಿಗೆ ಬಡಿಯಿತು, ಅದು ಯಾತರದ್ದೆಂದು ಆ ಕ್ಷಣವೇ ತಿಳಿಯಿತು ಎಂದು ನಾನು ಹಲವರಿಗೆ ಹೇಳಿದ್ದೇನೆ. ಇದನ್ನು ಬರೆಯಲು ಕೂತಾಗ ಆ ವರ್ಷದ ಡೈರಿ ತೆಗೆದು ನೋಡಿದೆ. ಮೊದಲ ದಿನದ ಪುಟದಲ್ಲಿ ಇರುವುದು ಇಷ್ಟೇ: "ಮೇಲಿನ ಹಾಲ್. ತೇಗ, ಗಟ್ಟಿ ಇದೆ. ಊದಿನಕಡ್ಡಿ ವಾಸನೆ ಜಾಸ್ತಿ." ಅಂದರೆ ನನಗೆ ಆ ದಿನ ಗೊತ್ತಾದದ್ದು ಊದಿನಕಡ್ಡಿ ಮಾತ್ರ. ಆದ್ದರಿಂದ ನೆನಪಿಗೂ ಡೈರಿಗೂ ಜಗಳ ಬಂದ ಕಡೆಯಲ್ಲೆಲ್ಲ ಇಲ್ಲಿ ಡೈರಿಯ ಮಾತನ್ನೇ ನಂಬುತ್ತೇನೆ. ಡೈರಿ ಬಾಯಿ ಬಿಡದ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ಬಳ್ಳಾರಿಯಲ್ಲಿ ಗಣಿ ಜೋರಿದ್ದ ವರ್ಷಗಳು ಅವು. ಕಂಟೋನ್ಮೆಂಟಿನ ಹಳೆಯ ಎರಡಂತಸ್ತಿನ ಬಂಗಲೆಯೊಂದನ್ನು ಅದಿರು ಸಾಗಿಸುವ ಲಾರಿಗಳ ಮಾಲೀಕರೊಬ್ಬರು ಕೊಂಡಿದ್ದರು. ಮೇಲಂತಸ್ತಿನ ಹಾಲಿಗೆ ದಪ್ಪ ತೊಲೆಗಳ ಮೇಲೆ ತೇಗದ ಹಲಗೆ ಹಾಸಿದ ನೆಲ. ಪಾರ್ವತಿನಗರದಲ್ಲಿ ನನ್ನದು ಪಾಲಿಶ್, ವಾರ್ನಿಶ್, ನೆಲ ತೊಳೆಯುವ ಔಷಧಿಗಳ ಅಂಗಡಿ. ಓದಿದ್ದು ರಸಾಯನಶಾಸ್ತ್ರ. ಅಪ್ಪನ ಕಾಲದಿಂದ ಅಂಗಡಿಯ ಪಾಲಿಶ್ ಕೆಲಸ ನೋಡುತ್ತಿದ್ದ ಹಿರಿಯರನ್ನು ನಾನು ಚಾಚಾ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ಖುಷಿಯಾದಾಗ ಬೇಟಾ ಎಂದೂ ಸಿಟ್ಟು ಬಂದಾಗ ಎಮ್ಮೆಸ್ಸಿ ಎಂದೂ ಕರೆಯುತ್ತಿದ್ದರು.

"ನೋಡ್ರಿ ಮೇಡಂ," ಎಂದರು ಮಾಲೀಕರು. "ಇನ್ನ ಹದಿನೆಂಟು ದಿನಕ್ಕ ಮಗಳ ನಿಶ್ಚಿತಾರ್ಥ. ಸಿರುಗುಪ್ಪದಿಂದ ಬೀಗರು ಬರ್ತಾರ. ಈ ಹಾಲಿನ್ಯಾಗನ ಅವರನ್ನ ಕೂಡ್ರಸಬೇಕು. ಅಷ್ಟರಾಗ ಈ ವಾಸನಿ ಹೋತಂದ್ರ ಕೆಂಪಿ ಇಲ್ಲೇ ಇರತೈತಿ. ಹೋಗಲಿಲ್ಲಂದ್ರ ಅದನ್ನ ಕರೂರಿನ ಹೊಲಕ್ಕ ಬಿಡತೀನಿ. ನಮ್ಮವ್ವಗ ಮಾತು ಕೊಟ್ಟೀನಿ."

ಕೆಂಪಿ ಎಂದರೆ ಕಿಟಕಿಯ ಕೆಳಗೆ ಮಲಗಿದ್ದ ಮುದಿ ಹೆಣ್ಣುನಾಯಿ. ಆ ಕಾಲದಲ್ಲಿ ದುಡ್ಡಿದ್ದವರು ತರಿಸುತ್ತಿದ್ದ ಎತ್ತರದ ಜಾತಿನಾಯಿಯಲ್ಲ. ಬೀದಿಯದು. ಒಂದು ಕಿವಿ ಹರಿದಿತ್ತು. ಮಾಲೀಕರಿಗೆ ಒಂದೇ ಒಂದು ಲಾರಿ ಇದ್ದ ದಿನಗಳಲ್ಲಿ ಅದರ ಗಾಲಿಗಳ ನಡುವೆ ಮಲಗುತ್ತಿದ್ದ ಮರಿ ಇದಂತೆ. ಲಾರಿಗಳು ಹೆಚ್ಚಾದವು, ಮನೆ ಬದಲಾಯಿತು, ನಾಯಿ ಮಾತ್ರ ಅದೇ. ಕರೂರಿನಲ್ಲಿ ಅವರ ಗದ್ದೆಯ ಪಂಪಿನ ಕೋಣೆ ಇತ್ತು. ಅಲ್ಲಿ ಸರಪಳಿ ಹಾಕಿ ಕಟ್ಟಿದರೆ ಆ ವಯಸ್ಸಿನ ನಾಯಿ ಎಷ್ಟು ದಿನ ಬದುಕೀತು ಎಂದು ಕೇಳಬೇಕಾಗಿರಲಿಲ್ಲ. ಮಾಲೀಕರು ಆ ಮಾತು ಹೇಳುವಾಗ ನಾಯಿಯ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಮೆಟ್ಟಿಲಿನಿಂದ ಅವರ ತಾಯಿಯ ದನಿ ಬಂತು. ಮನೆಯವರೆಲ್ಲ ಕರೆದಂತೆ ನಾನೂ ಅವರನ್ನು ಅವ್ವ ಎನ್ನುತ್ತೇನೆ. ಹಣೆಯ ತುಂಬ ವಿಭೂತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು.

"ನಾಯಿ ಮ್ಯಾಲ, ದೇವರು ಕೆಳಗ. ಇದು ಯಾವ ನ್ಯಾಯ ಹೇಳವಾ ತಂಗಿ?"

ಹಾಲಿನ ಆ ಮೂಲೆಯ ನೇರ ಕೆಳಗೆ ದೇವರ ಮನೆ ಇತ್ತು. ನಾಯಿ ಉಚ್ಚೆ ಹೊಯ್ಯುತ್ತಿದ್ದದ್ದು ಅದೇ ಮೂಲೆಯಲ್ಲಿ, ಬೇರೆಲ್ಲೂ ಅಲ್ಲ. ದೇವರ ಮನೆಯ ಚಾವಣಿಯಲ್ಲಿ ಕಂದು ಬಣ್ಣದ ಕಲೆ ಮೂಡಿತ್ತು. ಅವ್ವ ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ, ಲಿಂಗಕ್ಕೆ ನೇರ ಮೇಲೆ ಚಾವಣಿಯಲ್ಲಿದ್ದ ಆ ಕಲೆಯನ್ನು ಬೆರಳು ಚಾಚಿ ತೋರಿಸಿದರು.

ಹಲಗೆಗಳ ಸ್ಥಿತಿ ಹೀಗಿತ್ತು. ಮೂಲೆಯಲ್ಲಿ ಹೆಚ್ಚುಕಡಿಮೆ ಒಂದು ಮಂಚದಷ್ಟು ಜಾಗ ಹಾಳಾಗಿತ್ತು. ಮೇಲಿದ್ದ ಹಳೆಯ ಅರಗಿನ ಪಾಲಿಶ್ ಬೆಳ್ಳಗೆ ಬಿಳಿಚಿ ಅಂಟುಅಂಟಾಗಿತ್ತು. ಉಚ್ಚೆ ಹಳತಾದಂತೆ ಅದರಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ಕ್ಷಾರ. ಅರಗಿಗೆ ನೀರು ತಡೆಯುವ ಶಕ್ತಿ ಇದೆ, ಕ್ಷಾರ ತಡೆಯುವ ಶಕ್ತಿ ಇಲ್ಲ. ಪಾಲಿಶ್ ಕರಗಿದ ಮೇಲೆ ಮರ ಕುಡಿಯತೊಡಗುತ್ತದೆ. ಇನ್ನು ಹಲಗೆ ಹಲಗೆಗಳ ಸಂದಿನಲ್ಲಿ ಅದಿರಿನ ಕೆಂಪು ಧೂಳು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಬಳ್ಳಾರಿಯಲ್ಲಿ ಆಗ ಆ ಧೂಳು ಕೂರದ ಜಾಗವೇ ಇರಲಿಲ್ಲ, ಅನ್ನದ ತಟ್ಟೆಯೂ ಸೇರಿ. ಕಬ್ಬಿಣದ ಧೂಳು, ಮರದ ಒಗರು, ಮೇಲೆ ತೇವ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣ ಕೂಡಿಸಿ ಮಸಿ ಮಾಡುತ್ತಿದ್ದದ್ದು ಹೀಗೆಯೇ. ಸಂದುಗಳ ಎರಡೂ ಬದಿಗೆ ಆ ಮಸಿಯ ಗೆರೆಗಳು ಮೂಡಿದ್ದವು.

ಎರಡನೇ ದಿನದಿಂದ ಕೆಲಸ ಶುರುವಾಯಿತು. ಗರಗಸದ ಮುರುಕು ಬ್ಲೇಡಿನಿಂದ ಚಾಚಾ ಸಂದುಗಳನ್ನು ಕೆರೆದು ಧೂಳು ತೆಗೆದರು. ಒಂದು ಬುಟ್ಟಿ ಬಂತು. "ಇದನ್ನ ಸಾವ್ಕಾರ್ರಿಗೇ ಕೊಡವಾ, ಲಾರಿಗೆ ಹೇರಲಿ," ಎಂದರು. ನಾನು ಬಟ್ಟೆಯನ್ನು ವಿನಿಗರ್ ಬೆರೆಸಿದ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒರೆಸುತ್ತ ಹೋದೆ. ಹಲಗೆ ನೆಲಕ್ಕೆ ನೀರು ಸುರಿಯಬಾರದು, ಒರೆಸಬೇಕು. ಒರೆಸಿದ ಬೆನ್ನಿಗೇ ಒಣ ಬಟ್ಟೆ ಹಿಡಿಯಬೇಕು. ಮರುದಿನ ಔಷಧಿ ಅಂಗಡಿಯಿಂದ ತಂದ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಗಾಯಕ್ಕೆ ಕಟ್ಟುವ ಬಟ್ಟೆ ನೆನೆಸಿ ಕಲೆಗಳ ಮೇಲೆ ಹಾಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮಧ್ಯಾಹ್ನದವರೆಗೆ ಬಿಟ್ಟೆ. ಕೆಲಸದವಳು ಬ್ಲೀಚಿಂಗ್ ಪೌಡರ್ ತಂದು ನಿಂತಾಗ ಕೈ ಮುಗಿದು ವಾಪಸು ಕಳಿಸಿದೆ. ಉಚ್ಚೆ ಕುಡಿದ ಮರದ ಮೇಲೆ ಅದನ್ನು ಹಾಕಿದರೆ ಏಳುವ ಗಾಳಿ ಎದೆಗೆ ಕೆಟ್ಟದ್ದು.

ಕಪ್ಪು ಗೆರೆಗಳಿಗೆ ಮೊಸಾಯಿಕ್ ನೆಲ ಉಜ್ಜುವವರು ಬಳಸುವ ಆಕ್ಸಾಲಿಕ್ ಪುಡಿ. ಬಿಸಿನೀರಿನಲ್ಲಿ ಕರಗಿಸಿ, ಬ್ರಷ್ಷಿನಿಂದ ಬಳಿದು, ಒಣಗಲು ಬಿಟ್ಟು, ಅಡಿಗೆ ಸೋಡಾದ ನೀರಿನಿಂದ ಒರೆಸಿ ಅದರ ಹುಳಿ ತೆಗೆಯಬೇಕು. ಮೂಗಿಗೆ ಬಟ್ಟೆ, ಕೈಗೆ ಗವಸು. ಮೂರು ಸಲ ಮಾಡಿದ ಮೇಲೆ ಮಸಿ ಬೂದಿಯ ಬಣ್ಣಕ್ಕೆ ಇಳಿಯಿತು, ನಾಲ್ಕನೆಯ ಸಲಕ್ಕೆ ತೇಗದ ಹೊನ್ನ ಬಣ್ಣ ಮೇಲೆ ಬಂತು. ಚಾಚಾ ಕುಕ್ಕರಗಾಲಲ್ಲಿ ಕೂತು ಅದನ್ನು ಅಂಗೈಯಿಂದ ಸವರಿ, "ಸಬಾಶ್ ಬೇಟಾ," ಎಂದರು. ಡೈರಿಯಲ್ಲಿ ಆ ಎರಡು ಪದಗಳ ಕೆಳಗೆ ಗೆರೆ ಎಳೆದಿದ್ದೇನೆ. ಇಂಥ ವಿಷಯಗಳಿಗೆ ಗೆರೆ ಎಳೆಯಲು ನನಗೆ ಎಂದೂ ಮರೆವಿಲ್ಲ.

ಉಜ್ಜುಕಾಗದ ಹಿಡಿದಾದ ಮೇಲೆ ಆರನೇ ದಿನ ಪಾಲಿಶ್ ಬಳಿದೆವು. ನನ್ನ ನೆನಪಿನಲ್ಲಿ ಮತ್ತೆ ಅರಗನ್ನೇ ಬಳಿಯಬೇಕೆಂದು ಹಟ ಹಿಡಿದವರು ಚಾಚಾ. ನಾನು ಬೇಡವೆಂದೆ, ಹಿರಿಯರ ಮಾತು ಮೀರಲಾರದೆ ಒಪ್ಪಿದೆ. ಡೈರಿ ಹೇಳುವುದು: "ಅರಗೇ ಸಾಕೆಂದೆ. ಬೇಗ ಒಣಗುತ್ತದೆ. ಚಾಚಾ ಮುಖ ಒಂಥರಾ ಮಾಡಿದರು." ಕ್ಷಾರಕ್ಕೆ ಅರಗು ತಡೆಯುವುದಿಲ್ಲ ಎಂದು ಬಲ್ಲ ಹೆಂಗಸು ಅರಗನ್ನೇ ಏಕೆ ಆರಿಸಿದಳು? ನಾಯಿ ಇನ್ನು ಅಲ್ಲಿ ಹೊಯ್ಯುವುದಿಲ್ಲ ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆ ಎಂದು ಕಾಣುತ್ತದೆ. ವಾಸನೆ ಹೋದರೆ ನಾಯಿ ಜಾಗ ಮರೆಯುತ್ತದೆ ಎಂಬುದು ಪುಸ್ತಕದಲ್ಲಿದ್ದ ಮಾತು.

ಪಾಲಿಶ್ ಗಟ್ಟಿಯಾಗಲಿ ಎಂದು ನಾಲ್ಕು ದಿನ ಯಾರೂ ಮೇಲೆ ಹೋಗಬಾರದೆಂದು ಹೇಳಿ, ಕೆಂಪಿಯನ್ನು ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿಸಿ ಬಂದೆ.

ಹತ್ತನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಹೊಸ ಪಾಲಿಶಿನ ಮೇಲೆ ಬಿಳಿ ಚುಕ್ಕೆಗಳು. ಮೂಲೆಯಲ್ಲಿ ಮಂಡಿಯೂರಿ ಮೂಸಿದೆ. ಅದೇ ವಾಸನೆ. ನಾವು ನಿಂತಿರುವಾಗಲೇ ಹಗ್ಗ ಬಿಚ್ಚಿಸಿಕೊಂಡ ಕೆಂಪಿ ಮೆಟ್ಟಿಲು ಹತ್ತಿ ಬಂತು. ನೆಲ ಮೂಸುತ್ತ ನೇರ ಮೂಲೆಗೆ ಹೋಗಿ, ನಮ್ಮೆಲ್ಲರ ಎದುರಿಗೆ ಕೂತು ಹೊಯ್ದಿತು. ಮುಗಿಸಿದ ಮೇಲೆ ಬಂದು ಮಾಲೀಕರ ಕಾಲ ಬಳಿ ಮಲಗಿತು.

ಮಾಲೀಕರು ಬೈಯಲಿಲ್ಲ. "ಮೇಡಂ, ಅದರ ಹಣ್ಯಾಗ ಕರೂರೇ ಬರದೈತಿ ಅನ್ನಸತೈತಿ," ಎಂದರು. "ನಾಳೆ ಹೊಲದ ಕಡೆ ಜೀಪ್ ಹೋಗತೈತಿ. ಅದರಾಗ ಕಳಸತೀನಿ."

"ಎರಡು ದಿನ ತಡೀರಿ," ಎಂದೆ. ಯಾವ ಧೈರ್ಯದಿಂದ ಹೇಳಿದೆನೋ. ಡೈರಿಯಲ್ಲಿ ಕಾರಣವಿಲ್ಲ.

ಕೆಳಗಿಳಿಯುತ್ತ ಚಾಚಾ ಅಡಿಗೆಯವಳನ್ನು ಕೇಳಿದರು: "ನಾಲ್ಕು ದಿನ ನಾಯಿ ಮ್ಯಾಲ ಬಂದಿತ್ತೇನವಾ?"

"ಇಲ್ಲರೀ. ಕಟ್ಟೇ ಹಾಕಿತ್ತು. ರಾತ್ರಿಪೂರಾ ಒದರಿ ಒದರಿ ನಮ್ಮ ನಿದ್ದಿ ಕೆಡಸೈತಿ."

"ಹಂಗಾರ ಈ ಮನ್ಯಾಗ ಇನ್ನೊಂದು ನಾಯಿ ಐತಿ ಬಿಡು," ಎಂದು ಚಾಚಾ ಚಪ್ಪಲಿ ಮೆಟ್ಟಿದರು.

ನಾನು ಅದನ್ನು ಚಾಚಾನ ತಮಾಷೆ ಎಂದು ಬರೆದಿಟ್ಟೆ. ಮುಂದೆ ಎಷ್ಟೋ ವರ್ಷ, ನಾಯಿ ಇಲ್ಲದೆಯೂ ಕಲೆ ಬಿದ್ದಿದೆ ಎಂಬುದನ್ನು ಮೊದಲು ಕಂಡುಹಿಡಿದದ್ದು ನಾನೇ ಎಂದು ನಂಬಿದ್ದೆ, ಹೇಳಿಯೂ ಇದ್ದೆ. ಡೈರಿಯಲ್ಲಿ ನನ್ನದೇ ಕೈಬರಹ ಅಲ್ಲವೆನ್ನುತ್ತದೆ.

ಹನ್ನೊಂದನೇ ದಿನ ಮಾಲೀಕರ ಲಾರಿ ಆಫೀಸಿನಿಂದ ಕಳ್ಳನೋಟು ಪತ್ತೆ ಮಾಡುವ ನೀಲಿ ದೀಪ ತರಿಸಿದೆ. ಆಗ ಊರಿನ ಪ್ರತಿ ಆಫೀಸಿನಲ್ಲೂ ಅಂಥದೊಂದು ಇರುತ್ತಿತ್ತು. ಉಚ್ಚೆ ಬಿದ್ದ ಜಾಗ ಆ ಬೆಳಕಿಗೆ ಹೊಳೆಯುತ್ತದೆ ಎಂದು ಓದಿದ್ದೆ. ಹಾಲಿನ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ಹಾಡುಹಗಲಲ್ಲೇ ಕತ್ತಲೆ ಮಾಡಿದೆವು. ಸೆಖೆಗೆ ಇಬ್ಬರ ಅಂಗಿಯೂ ಬೆನ್ನಿಗೆ ಅಂಟಿತ್ತು.

"ಏನವಾ ಎಮ್ಮೆಸ್ಸಿ," ಎಂದರು ಚಾಚಾ, "ಉಚ್ಚಿ ಅಸಲಿನೋ ನಕಲಿನೋ ನೋಡಾಕ ಹತ್ತೀಯೇನು?"

ದೀಪ ಹಚ್ಚಿದೆ. ಇಡೀ ನೆಲ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅರಗು ಆ ಬೆಳಕಿಗೆ ಹಾಗೆ ಉರಿಯುತ್ತದೆ. ಅದರ ಮೇಲೆ ಹಸಿರು ಬೆರೆತ ತಿಳಿಹಳದಿ ಗುರುತುಗಳು. ನಿನ್ನೆ ಕೆಂಪಿ ಕೂತ ಜಾಗದಲ್ಲಿ ಅಂಗೈ ಅಗಲದ ಒಂದು ಮಡು, ಹಲಗೆಯ ಇಳಿಜಾರಿನತ್ತ ಹರಿದದ್ದು. ಅದು ಅರ್ಥವಾಯಿತು. ಆದರೆ ಅದರ ಸುತ್ತ ಸಾಸಿವೆಯಂಥ, ಕಡಲೆಯಂಥ ಹನಿಗಳು. ನೂರಾರು. ಮೂಲೆಯ ಕಡೆ ಬೀಸಣಿಗೆಯಂತೆ ಹರಡಿ, ನಾವು ನಿಂತಿದ್ದ ಬಾಗಿಲ ಕಡೆ ಬಂದಂತೆ ಒತ್ತಾಗಿದ್ದವು. ಗೋಡೆಯ ಬುಡಕ್ಕೂ ಮೊಣಕಾಲೆತ್ತರಕ್ಕೆ ಸಿಡಿದಿದ್ದವು.

ಚಾಚಾ ದೀಪ ಇಸಿದುಕೊಂಡು ಗೋಡೆಯ ಹತ್ತಿರ ಹಿಡಿದರು. ತಮ್ಮ ಎಡಗೈಯನ್ನು ಎತ್ತಿ, ಪಾಲಿಶ್ ಬ್ರಷ್ ಕೊಡವುವಂತೆ ಎರಡು ಸಲ ಕೊಡವಿದರು. ಆ ಸನ್ನೆ ನನಗೆ ಸ್ಪಷ್ಟವಾಗಿ ನೆನಪಿದೆ. ಡೈರಿಯಲ್ಲಿ ಇಲ್ಲ.

"ನಾಯಿ ಹಿಂಗ ಚಿಮುಕಸೂದಿಲ್ಲ ಬೇಟಾ. ಇದು ಕೈಯಿಂದ ಹಾಕಿದ್ದು."

ನಾವಿಬ್ಬರೂ ಅಡಿಗೆಮನೆಗೆ ಹೋದೆವು. ಅವ್ವ ರೊಟ್ಟಿ ಬಡಿಯುತ್ತಿದ್ದರು. ಏನು ಕೇಳಬೇಕೆಂದು ನಾನು ಮಾತು ಹುಡುಕುತ್ತಿದ್ದಾಗ ದೇವರ ಮನೆಯ ಬಾಗಿಲ ಪಕ್ಕದ ತಾಮ್ರದ ಗಿಂಡಿ ಕಾಣಿಸಿತು. ಅದರ ಬಾಯಲ್ಲಿ ಮಾವಿನೆಲೆಯ ಚಿಗುರು.

"ಅವ್ವಾರ, ಆ ಗಿಂಡ್ಯಾಗ ಏನೈತ್ರಿ?"

"ಆಕಳ ಗಂಜಲ. ಯಾಕ?"

"ಮ್ಯಾಲ ಹಾಕತೀರೇನ್ರಿ?"

"ಹಾಕದ ಬಿಡತಾರೇನು? ನಾಯಿ ಹೊಲಸು ಮಾಡೇತಿ, ಕೆಳಗ ಸ್ವಾಮಿ ಕುಂತಾನ. ಮುಂಜಾನಿ ಪೂಜಿಗಿಂತ ಮೊದಲ ಒಮ್ಮೆ, ಸಂಜಿಕೆ ಒಮ್ಮೆ. ನೀವು ಪಾಲಿಶ್ ಮಾಡೀರಿ ಅಂತ ಈಗ ನಾಕು ದಿನ ತುಳಿಲಿಲ್ಲ ನೋಡು, ಬಾಗಿಲದಾಗ ನಿಂತು ಚಿಮುಕಿಸೀನಿ." ನಮ್ಮ ಪಾಲಿಶಿಗೆ ತಾವು ತೋರಿದ ಮರ್ಯಾದೆಯನ್ನು ನಾವು ಮೆಚ್ಚಬೇಕೆಂಬ ನಿರೀಕ್ಷೆ ಅವರ ಮುಖದಲ್ಲಿತ್ತು. "ವಾಸನಿ ಹೋಗವಲ್ದು ಅಂತ ಈಗ ಮೂರ್ ಸಲ ಮಾಡೀನಿ."

ವಾಸನೆ ಹೋಗದ್ದಕ್ಕೆ ಗಂಜಲ. ಗಂಜಲದಿಂದ ವಾಸನೆ. ಆ ವಾಸನೆಗೆ ನಾಯಿ ಮತ್ತೆ ಅಲ್ಲಿಗೇ. ನಾಯಿ ಹೊಯ್ದದ್ದಕ್ಕೆ ಮತ್ತೆ ಗಂಜಲ. ನಾನು ಅಷ್ಟು ದಿನ ಆ ಮನೆಯಲ್ಲಿ ಚಹಾ ಕುಡಿದಿದ್ದೆ. ಗಿಂಡಿಯ ಪಕ್ಕದಲ್ಲೇ ಹಾದುಹೋಗಿದ್ದೆ. ನಮ್ಮ ಮನೆಯಲ್ಲಿ ಅಮ್ಮನೂ ಸೂತಕ ಕಳೆದಾಗ ಅದನ್ನೇ ಚಿಮುಕಿಸುತ್ತಾಳೆ. ಉಚ್ಚೆ ಎಂದಾಗ ನನ್ನ ತಲೆಗೆ ಅದು ಹೊಳೆಯಲೇ ಇಲ್ಲ, ಏಕೆಂದರೆ ನನಗೂ ಗಂಜಲ ಎಂದರೆ ಉಚ್ಚೆಯಲ್ಲ. ಯೂರಿಯಾದ ಬಗ್ಗೆ ಪರೀಕ್ಷೆ ಬರೆದು ಪಾಸಾದವಳ ಸ್ಥಿತಿ ಇದು.

"ಅವ್ವಾರ, ಸ್ವಲ್ಪ ದಿನ ಅದನ್ನ ಬಿಡಾಕಾಗತೈತೇನ್ರಿ?" ಎಂದೆ.

ಲಟ್ಟಣಿಗೆ ಹಿಡಿದಿದ್ದರೆ ಎಸೆಯುತ್ತಿದ್ದರೇನೋ. ರೊಟ್ಟಿ ಬಡಿಯುವ ಕೈಯಲ್ಲಿ ಹಿಟ್ಟು ಮಾತ್ರ ಇತ್ತು. "ಎಲ್ಲಿ ಮೈಲಿಗಿ ಆಗತೈತೋ ಅಲ್ಲೇ ಶುದ್ಧಿ ಆಗಬೇಕು ತಂಗಿ. ನಾಯಿ ವಾಸನಿ ಬಿಡಿಸಾಕ ಬಂದಾಕಿ ನೀನು, ನನ್ನ ದೇವರನ್ನ ಬಿಡಸ್ತೀಯೇನು?"

ಹೊರಗೆ ಬಂದಾಗ ಚಾಚಾ, ಮಾಲೀಕರಿಗೆ ಹೇಳಿಬಿಡು, ತಾಯಿಯನ್ನು ಅವರು ನೋಡಿಕೊಳ್ಳುತ್ತಾರೆ, ಎಂದರು. ಅದು ಸುಲಭದ ದಾರಿಯಾಗಿತ್ತು. ತಾಯಿ ಮಗನಿಗೆ ಜಗಳವಾಗುತ್ತಿತ್ತು. ಮಗ ಗೆದ್ದರೂ ಸೋತರೂ ಮೊದಲ ಜೀಪಿಗೆ ಹತ್ತುವುದು ಕೆಂಪಿಯೇ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಅಷ್ಟು ದಿನ, ಅಷ್ಟು ಗಂಜಲ ಮೇಲೆ ಮಾತ್ರ ಉಳಿದಿರಲು ಸಾಧ್ಯವಿರಲಿಲ್ಲ. ಚಾವಣಿಯ ಕಲೆಯೇ ಅದನ್ನು ಹೇಳುತ್ತಿತ್ತು. ಮೇಲಿನಿಂದ ಏನೇ ಒರೆಸಿದರೂ ಅಡಿಯಿಂದ ವಾಸನೆ ಏಳುತ್ತಲೇ ಇರುತ್ತಿತ್ತು.

ಹನ್ನೆರಡನೇ ದಿನದ ಡೈರಿಯಲ್ಲಿ ಒಂದೇ ಸಾಲು: "ಎಬ್ಬಿಸುತ್ತೇನೆ."

"ನೂರು ವರ್ಷ ಕುಂತ ಹಲಗಿ ಅದು," ಎಂದರು ಚಾಚಾ. "ಎಬ್ಬಿಸಿದ್ರ ಸೀಳತೈತಿ. ಸೀಳಿದ್ರ ಈ ಅಳತಿ ತೇಗ ಬಳ್ಳಾರ್ಯಾಗ ಎಲ್ಲಿ ತರ್ತೀ? ಆರು ದಿನದಾಗ ಬೀಗರು ಬಂದು ತೊಲಿ ಮ್ಯಾಲ ಕುಂಡ್ರಬೇಕೇನು?"

"ಸೀಳಿದರೆ ನನ್ನ ತಪ್ಪು ಚಾಚಾ."

"ತಪ್ಪು ನಿಂದಾದ್ರೂ ಕೈ ನಂದಲ್ಲೇನವಾ," ಎಂದು ಗೊಣಗುತ್ತಲೇ ಅವರು ಉಳಿ ಮತ್ತು ಸಣಬಿನ ಬಟ್ಟೆ ಸುತ್ತಿದ ಹಾರೆ ತಂದರು.

ಒಂಬತ್ತು ಹಲಗೆಗಳಿಗೆ ಸೀಮೆಸುಣ್ಣದಿಂದ ನಂಬರು ಹಾಕಿದೆವು, ಯಾವ ತುದಿ ಕಿಟಕಿಯ ಕಡೆ ಎಂದು ಬಾಣದ ಗುರುತು ಬರೆದೆವು. ಹಳೆಯ ಚೌಕ ಮೊಳೆಗಳು ತುಕ್ಕು ಹಿಡಿದು ಮರವನ್ನು ಕಚ್ಚಿದ್ದವು. ಚಾಚಾ ಪ್ರತಿ ಮೊಳೆಯ ತಲೆಯ ಸುತ್ತ ಸಣ್ಣ ಉಳಿಯಿಂದ ಬಿಡಿಸಿ, ಹಾರೆಯನ್ನು ಕೂದಲೆಳೆಯಷ್ಟು ಒತ್ತಿ, ಇನ್ನೊಂದು ಮೊಳೆಗೆ ಹೋಗಿ ಅಲ್ಲಿ ಅಷ್ಟೇ ಒತ್ತಿ, ಮತ್ತೆ ಮೊದಲಿನದಕ್ಕೆ ಬರುತ್ತಿದ್ದರು. ಒಂದೇ ಕಡೆ ಎತ್ತಿದರೆ ಮರ ಸೀಳುತ್ತದೆ. ಮೊದಲ ಹಲಗೆಗೆ ಅರ್ಧ ಬೆಳಿಗ್ಗೆ ಹಿಡಿಯಿತು. ನಾಲ್ಕನೆಯದು ತುದಿಯಲ್ಲಿ ಒಂದು ಗೇಣು ಸೀಳಿತು. ಆ ಸದ್ದಿಗೆ ನಾನು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಚಾಚಾ ಆಗಲೇ ಸೀಳಿನೊಳಗೆ ಅಂಟು ತುಂಬಿ ದಾರ ಸುತ್ತುತ್ತಿದ್ದರು.

ಹಲಗೆಗಳ ಅಡಿಯಲ್ಲಿ, ತೊಲೆಗಳ ನಡುವೆ, ಚಾವಣಿಯ ಕೆಳಹಲಗೆಯ ಮೇಲೆ ಹಿಂದಿನವರು ಬೂದಿ ಬೆರೆಸಿದ ಮರಳು ತುಂಬಿದ್ದರು, ಹೆಜ್ಜೆಯ ಸದ್ದು ಕೆಳಗೆ ಕೇಳದಿರಲಿ ಎಂದು. ಅದು ಒಣಗಿರಬೇಕಿತ್ತು. ಮೂಲೆಯಲ್ಲಿ ಕೆಸರಿನಂತೆ ಕಪ್ಪಾಗಿ ಹೆಪ್ಪುಗಟ್ಟಿತ್ತು. ವಾಸನೆಗೆ ಇಬ್ಬರೂ ಕಿಟಕಿಗೆ ಓಡಿದೆವು.

ಆಗ ಕೆಳಗೆ ಹೋಗಿ ಅವ್ವನನ್ನು ಕರೆದೆ. ಬರಲು ಒಪ್ಪಲಿಲ್ಲ. "ದೇವರ ಮನಿ ವಿಷಯ ಐತ್ರಿ," ಎಂದ ಮೇಲೆ ಮಂಡಿ ಹಿಡಿದುಕೊಂಡು ಬಂದರು. ಬಗ್ಗಿ ನೋಡಿದರು. ಹೆಪ್ಪುಗಟ್ಟಿದ ಜಾಗ ನಾಯಿ ಕೂರುವ ಮೂಲೆಯಲ್ಲಿ ಮಾತ್ರ ಇರಲಿಲ್ಲ. ಅವರು ದಿನವೂ ನಿಲ್ಲುತ್ತಿದ್ದ ಕಡೆಯವರೆಗೂ, ನಾಯಿ ಎಂದೂ ಹೊಯ್ಯದ ಸಂದುಗಳುದ್ದಕ್ಕೂ ಕಪ್ಪು ಹಬ್ಬಿತ್ತು. ಅದರ ಅತಿ ಕಪ್ಪಾದ ಪಟ್ಟಿ ನೇರವಾಗಿ ಲಿಂಗದ ಮೇಲೆ ಬರುತ್ತಿತ್ತು. ವಿವರಿಸುವ ಚಟದವಳು ನಾನು, ಆ ಹೊತ್ತು ಮಾತ್ರ ಬಾಯಿ ಮುಚ್ಚಿಕೊಂಡಿದ್ದೆ.

ಅವ್ವ ಹೇಳಿದರು: "ಹಂಗಾರ ಸ್ವಾಮಿ ತಲಿ ಮ್ಯಾಲ ಆ ನಾಯಿಗಿಂತ ಹೆಚ್ಚು ನಾನ ಹಾಕೀನಿ."

"ನೀವು ಹಾಕಿದ್ದು ಶುದ್ಧಿಗೆ ಅಮ್ಮಾ," ಎಂದರು ಚಾಚಾ. "ಅದು ಊಪರವಾಲಾಗ ಗೊತ್ತಿರತೈತಿ. ಮರಕ್ಕ ಗೊತ್ತಿರೂದಿಲ್ಲ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡರು. ಇಳಿಯುವ ಮೊದಲು ನನ್ನ ಮೊಣಕೈ ಹಿಡಿದು, "ನನ್ನ ಮಗಗ ಹೇಳಬ್ಯಾಡ," ಎಂದರು.

ಸಂಜೆ ಮಾಲೀಕರು ಬಂದು ಬಾಯಿ ತೆರೆದ ನೆಲ ನೋಡಿ ದಂಗಾದರು. "ಯಾರ ತಪ್ಪು ಇದು ಮೇಡಂ? ನಾಯಿದೇನು?" ಎಂದರು. "ಹಳೇ ಬೂದಿ ಕುಡಿದು ಇಟ್ಟುಕೊಂಡಿತ್ತು, ಅದಕ್ಕೇ ಹೋಗ್ತಿರಲಿಲ್ಲ," ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಆ ರಾತ್ರಿ ಡೈರಿಯಲ್ಲಿಯೂ ಅಷ್ಟೇ ಬರೆದಿದ್ದೇನೆ, ಯಾರಾದರೂ ಓದಿಬಿಟ್ಟಾರು ಎಂಬಂತೆ. ಹಾಗಾಗಿ ಈ ಒಂದು ಸಂಗತಿಗೆ ನನ್ನ ಬಳಿ ಇರುವ ಸಾಕ್ಷಿ ನೆನಪು ಮಾತ್ರ.

ಉಳಿದದ್ದು ಆರು ದಿನ. ಮರಳನ್ನೆಲ್ಲ ಬಕೆಟ್ಟುಗಳಲ್ಲಿ ಹೊರಗೆ ಸಾಗಿಸಿದೆವು. ತೊಲೆಗಳನ್ನು ಒರೆಸಿ, ಪೆರಾಕ್ಸೈಡ್ ಬಳಿದು, ಫ್ಯಾನು ಹಚ್ಚಿಟ್ಟೆವು. ಕರೆಂಟು ಹೋದಾಗ ಬಳ್ಳಾರಿಯ ಬಿಸಿಲಗಾಳಿಯೇ ಫ್ಯಾನಿನ ಕೆಲಸ ಮಾಡಿತು. ಆ ಸೆಖೆಯ ಉಪಕಾರವನ್ನು ಮೊದಲ ಸಲ ಸ್ಮರಿಸಿದೆ. ಹಲಗೆಗಳನ್ನು ಮಾಳಿಗೆಯ ನೆರಳಿನಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಎರಡೂ ಮೈ ಒಂದೇ ಹದಕ್ಕೆ ಒಣಗುವಂತೆ ತಾಸಿಗೊಮ್ಮೆ ತಿರುಗಿಸುತ್ತಿದ್ದೆವು. ಹಲಗೆಗಳ ಕೆಳಗೆ ತುಂಬಲು ಬಿಸಿಲಿಗೆ ಹುರಿದ ಹೊಸ ಮರಳು, ಅದಕ್ಕೆ ಪುಡಿ ಮಾಡಿದ ಇದ್ದಿಲು. ಇದ್ದಿಲು ಉಳಿದ ವಾಸನೆ ಹೀರುತ್ತದೆ.

ಅರಗೋ, ಪಿಯು ಎಂದು ಕರೆಯುವ ಪಾಲಿಯುರೆಥೇನ್ ಕೋಟಿಂಗೋ ಎಂಬ ನಮ್ಮ ಅಂಗಡಿಯ ಹಳೆಯ ವಾದ ಮತ್ತೆ ಬಂತು. ಈ ಸಲ ಬಗೆಹರಿದದ್ದು ಹೀಗೆ: ಹಲಗೆಯ ಅಡಿಮೈಗೆ ಚಾಚಾನ ಅರಗು, ಏಕೆಂದರೆ ಮರದೊಳಗೆ ಅಡಗಿದ ವಾಸನೆಯನ್ನು ಅದರಷ್ಟು ಚೆನ್ನಾಗಿ ಬೇರೆ ಯಾವುದೂ ಮುಚ್ಚುವುದಿಲ್ಲ. ಮೇಲ್ಮೈಗೆ ಮೇಣ ಸೋಸಿ ತೆಗೆದ ಅರಗಿನ ತೆಳು ಕೈ ಒಂದು, ಅದರ ಮೇಲೆ ನನ್ನ ಪಿಯು ಮೂರು ಕೈ, ಏಕೆಂದರೆ ಕ್ಷಾರ ತಡೆಯುವುದು ಅದೇ. ಸಂದುಗಳಿಗೆ ತೇಗದ ಹೊಟ್ಟು ಮತ್ತು ಅಂಟು ಕಲಸಿ ತುಂಬಿ ಉಜ್ಜಿದೆವು.

ಪಿಯು ಒಣಗುವ ಮೊದಲೇ ಅದಿರಿನ ಧೂಳು ಬಂದು ಕೂತರೆ ನೆಲ ಉಜ್ಜುಕಾಗದದಂತಾಗುತ್ತದೆ. ಪ್ರಯೋಗಕ್ಕೆ ಬಳಿದ ಒಂದು ತುಂಡಿನಲ್ಲಿ ಹಾಗೆಯೇ ಆಯಿತು. ಅದನ್ನು ನೋಡಿದ ಅವ್ವ ಕೆಳಗೆ ಹೋಗಿ, ತಮ್ಮ ಹಳೆಯ ನೂಲಿನ ಸೀರೆಗಳನ್ನು ನೀರಲ್ಲಿ ಅದ್ದಿ ತಂದು ಕಿಟಕಿಗಳಿಗೆ ತಾವೇ ಕಟ್ಟಿಸಿದರು. ಸಂಜೆಗೆ ಆ ಸೀರೆಗಳು ಕಾವಿಯಾಗಿದ್ದವು. ನೆಲದ ಮೇಲೆ ಒಂದು ಕಣವೂ ಇರಲಿಲ್ಲ.

ಉಳಿದಿದ್ದದ್ದು ಎರಡು ಪ್ರಶ್ನೆ. ಮುದಿ ನಾಯಿ ಎಲ್ಲಿ ಹೊಯ್ಯಬೇಕು? ಅವ್ವ ಎಲ್ಲಿ ಚಿಮುಕಿಸಬೇಕು? ಇವೆರಡಕ್ಕೂ ಒಂದೇ ಉತ್ತರ ಎಂದು ಯಾರಿಗೆ ಹೊಳೆಯಿತೋ ನಾನು ಆಣೆ ಮಾಡಿ ಹೇಳಲಾರೆ. ಹದಿನೈದನೇ ದಿನದ ಪುಟ ಖಾಲಿ, ಕೆಲಸ ಅಷ್ಟಿತ್ತು. ನನಗೆ ನೆನಪಿರುವಂತೆ ಚಹಾದ ಹೊತ್ತಿಗೆ ಅವ್ವ ಕೇಳಿದರು: "ತಂಗಿ, ಆ ವಾಸನಿಗೇ ನಾಯಿ ಅಲ್ಲಿಗೆ ಹೋಗತೈತಿ ಅಂದಿ. ನಾನು ಬ್ಯಾರೆ ಕಡೆ ಚಿಮುಕಿಸಿದ್ರ ಬ್ಯಾರೆ ಕಡೆ ಹೋಗತೈತೇನು?"

ನಾನು ಚಾಚಾನ ಮುಖ ನೋಡಿದೆ. ಚಾಚಾ ನನ್ನ ಮುಖ ನೋಡಿದರು.

"ಹಾಲಿನ ಹೊರಗ ಬಾಲ್ಕನಿ ಐತಿ," ಎಂದರು ಅವ್ವ. "ಅದರ ಕೆಳಗ ದೇವರಿಲ್ಲ, ಹೂವಿನ ಗಿಡ. ಒಂದು ಕಲ್ಲು ಹಾಕಸ್ರಿ. ನಮ್ಮ ಕುರುಗೋಡಾಗ ಏನಿಲ್ಲಂದ್ರೂ ಕಲ್ಲಿಗೆ ಬರ ಇಲ್ಲ."

ಕುರುಗೋಡು ಅವರ ತವರು. ಮರುದಿನ ಬೆಳಿಗ್ಗೆ ನಾನೂ ಚಾಚಾನೂ ಟೆಂಪೊದಲ್ಲಿ ಹೋಗಿ, ಕಲ್ಲು ಸೀಳುವವರ ಬಳಿ ಮೂಲೆ ಮುರಿದು ಬಿಸಾಡಿದ್ದ ಚಪ್ಪಡಿಯೊಂದನ್ನು ಆರಿಸಿದೆವು. ಉಚ್ಚೆ ಕುಡಿಯದಂಥ ಒತ್ತಾದ ಕಲ್ಲು, ಮೈ ಮಾತ್ರ ಒರಟು, ಮುದಿ ಕಾಲು ಜಾರದಂತೆ. ಬಾಲ್ಕನಿಯಲ್ಲಿ ಮೋರಿಯ ಕಡೆಗೆ ಒಂದು ಬೆರಳು ಇಳಿಜಾರು ಕೊಟ್ಟು ಕೂರಿಸಿದೆವು. ಹಳೆಯ ಮೂಲೆ ಒರೆಸಿದ್ದ ಬಟ್ಟೆಯನ್ನು ನಾನು ಅದಕ್ಕೆ ಉಜ್ಜಿದೆ. ಅವ್ವ ಗಿಂಡಿ ತಂದು ಮಾವಿನ ಚಿಗುರಿನಿಂದ ಮೂರು ಸಲ ಚಿಮುಕಿಸಿದರು. ಕೆಂಪಿಯನ್ನು ಬಿಟ್ಟೆವು. ಅದು ಹಾಲಿನ ಬಾಗಿಲಲ್ಲಿ ನಿಂತು ಹೊಸ ನೆಲ ಮೂಸಿತು. ಅಲ್ಲಿ ಅದಕ್ಕೆ ಗುರುತಿನದೇನೂ ಸಿಗಲಿಲ್ಲವೆಂದು ಕಾಣುತ್ತದೆ. ಮೂಲೆಗೆ ಹೋಗಿ, ಸುತ್ತಿ, ಗೊಂದಲದಿಂದ ಕುಂಯ್ ಎಂದು, ಮೂಲೆಯಲ್ಲೇ ಹಿಂಗಾಲು ಬಗ್ಗಿಸಿತು.

"ಹೇ ಹೇ ಹೇ!" ಎಂದು ಕೂಗುತ್ತ ಅದನ್ನು ಬಾಚಿ ಎತ್ತಿಕೊಂಡು ಬಾಲ್ಕನಿಗೆ ಓಡಿದವರು ಅವ್ವ. ನಾಯಿಯನ್ನು ಮುಟ್ಟಿದರೆ ಸ್ನಾನ ಮಾಡುತ್ತಿದ್ದ ಅವ್ವ. ದಾರಿಯುದ್ದಕ್ಕೂ ಸೀರೆಯ ಮೇಲೆ ಹನಿ. ಉಳಿದದ್ದು ಕಲ್ಲಿನ ಮೇಲೆ ಬಿತ್ತು. ಚಾಚಾ ಗೋಡೆಗೆ ತಿರುಗಿ ನಿಂತರು, ಭುಜ ಅಲುಗುತ್ತಿತ್ತು. ಹೊಸ ನೆಲದ ಮೇಲೆ ಬಿದ್ದ ನಾಲ್ಕು ಹನಿಗಳು ಮುತ್ತಿನಂತೆ ಹಾಗೇ ನಿಂತಿದ್ದವು. ಬಟ್ಟೆಯಿಂದ ಒತ್ತಿದೆ. ಗುರುತೂ ಉಳಿಯಲಿಲ್ಲ. ನನಗೆ ಬೇಕಾಗಿದ್ದ ಪರೀಕ್ಷೆಯನ್ನು ಕೆಂಪಿಯೇ ಮಾಡಿ ಮುಗಿಸಿತು. ಮರುದಿನ ಅದು ತಾನಾಗಿಯೇ ಕಲ್ಲಿಗೆ ಹೋಯಿತು.

ಹದಿನೆಂಟನೇ ದಿನ ನಾನೂ ಚಾಚಾನೂ ಬಾಗಿಲ ಬಳಿ, ಜೇಬಿನಲ್ಲಿ ಬಟ್ಟೆಯ ತುಂಡು ಇಟ್ಟುಕೊಂಡು ನಿಂತಿದ್ದೆವು. ಹಾಲಿನ ತುಂಬ ಸಿರುಗುಪ್ಪದ ಬೀಗರು. ಮಲ್ಲಿಗೆ, ಫಳಾರದ ತುಪ್ಪ, ಹೊಸ ಬಟ್ಟೆ, ಈ ವಾಸನೆಗಳು ಮಾತ್ರ ಇದ್ದವು. ತಾಂಬೂಲ ಬದಲಾಯಿಸುವ ಹೊತ್ತಿಗೆ ಸರಿಯಾಗಿ ಕೆಂಪಿ ಮೆಟ್ಟಿಲೇರಿ ಬಂತು. ಮಾಲೀಕರ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ನಾಯಿ ಜಮಖಾನೆಯ ಅಂಚಿನಲ್ಲಿ ನಡೆಯಿತು. ಮೂಲೆಯ ಹತ್ತಿರ ಹೋಯಿತು. ಮೂಸಿತು. ಮುಂದೆ ನಡೆದು ಬಾಲ್ಕನಿಯ ಪರದೆಯೊಳಗೆ ನುಗ್ಗಿತು. ಅವ್ವ ಎದ್ದರು. ಗಿಂಡಿ ಹಿಡಿದು ಅದರ ಹಿಂದೆಯೇ ಹೋದರು.

ಪರದೆಯ ಸಂದಿಯಿಂದ ಅದನ್ನು ನೋಡಿದ ವರನ ತಂದೆ, ತಾಮ್ರದ ಗಿಂಡಿ, ಮಾವಿನ ಚಿಗುರು, ವಿಭೂತಿಯ ಹಣೆ, ಕಪ್ಪು ಕಲ್ಲು ಇಷ್ಟನ್ನೇ ಕಂಡು ಎದ್ದು ನಿಂತು ಭಕ್ತಿಯಿಂದ ಕೈ ಮುಗಿದರು. ಅವರ ಜೊತೆ ಇನ್ನಿಬ್ಬರು ಮುಗಿದರು. ನಾಯಿ ಆಗಲೇ ಇತ್ತ ಬಂದಾಗಿತ್ತು.

"ಯಾವ ಕ್ಷೇತ್ರದ ಕಲ್ಲು ಅಮ್ಮಾರ?" ಎಂದು ಕೇಳಿದರು.

ಅವ್ವ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಚಾಚಾನನ್ನು. ಚಾಚಾ ಕೆಮ್ಮು ಬಂದವರಂತೆ ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದರು.

"ಕುರುಗೋಡಿಂದ್ರಿ," ಎಂದರು ಅವ್ವ. "ನಮ್ಮ ತವರಿಂದು. ಬಾಳ ನಂಬಿಗಿ ಕಲ್ಲು."

ಕೈ ಮುಗಿದದ್ದು ವರನ ತಂದೆಯೋ ಅವರ ಅಣ್ಣನೋ ಎಂದು ಚಾಚಾ ಕೊನೆಯವರೆಗೂ ನನ್ನ ಜೊತೆ ವಾದ ಮಾಡುತ್ತಿದ್ದರು. ಡೈರಿಯಲ್ಲಿ "ಬೀಗರಲ್ಲಿ ಒಬ್ಬರು" ಎಂದಷ್ಟೇ ಇದೆ. ಅದರ ಕೆಳಗೆ, ಗೆರೆ ಎಳೆಯದೆ: "ಕೆಂಪಿ ಇರುತ್ತದೆ."